ಹೊಸ ಕ್ಯಾಮೆರಾ ಕಂಡ ಬಿರುಕು

ಆಫೀಸಿನಲ್ಲಿ ಎಲ್ಲರೂ ಅವಳನ್ನು ಬಿರುಕಮ್ಮ ಎಂದೇ ಕರೆಯುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದವರು ಬರಬರುತ್ತಾ ಎದುರಿಗೇ ಕರೆಯತೊಡಗಿದರು, ಅವಳೂ ಓಗೊಟ್ಟಳು. ಹಳೆಯ ಕಟ್ಟಡಗಳ ಗೋಡೆ, ಕಂಬ, ತೊಲೆಗಳಲ್ಲಿ ಬಿಟ್ಟ ಬಿರುಕುಗಳ ಫೋಟೋ ತೆಗೆಯುವುದು ಅವಳ ಕೆಲಸ. ಮೂರು ತಿಂಗಳಿಗೊಮ್ಮೆ ಅದೇ ಗೋಡೆಯ ಮುಂದೆ, ಅದೇ ಜಾಗದಲ್ಲಿ, ಅದೇ ಎತ್ತರಕ್ಕೆ ಟ್ರೈಪಾಡ್ ನಿಲ್ಲಿಸಿ, ಬಿರುಕಿನ ಪಕ್ಕ ಒಂದು ಪುಟ್ಟ ಸ್ಕೇಲ್ ಅಂಟಿಸಿ ಕ್ಲಿಕ್ ಮಾಡುವಳು. ಆ ಫೋಟೋಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ, ಬಿರುಕು ಬೆಳೆದಿದೆಯೋ ಇಲ್ಲವೋ ಎಂದು ಅವಳ ಯಜಮಾನರಾದ ಹಿರಿಯ ಎಂಜಿನಿಯರು ತೀರ್ಮಾನಿಸುವರು. ಇಪ್ಪತ್ತು ಕಟ್ಟಡಗಳ ಯೋಗಕ್ಷೇಮ ಹೀಗೆ ಆ ಎರಡು ಕೋಣೆಯ ಆಫೀಸಿನ ಕೈಲಿತ್ತು.

ಇಲ್ಲಿಗೆ ಬರುವ ಮೊದಲು ಅವಳು ಹನ್ನೊಂದು ವರ್ಷ ಒಂದು ಸ್ಟುಡಿಯೋದಲ್ಲಿ ಗುರುತಿನ ಚೀಟಿಯ ಫೋಟೋ ತೆಗೆಯುತ್ತಿದ್ದಳು. ಒಂದು ದಿನ ಈ ಎಂಜಿನಿಯರು ಫೋಟೋಗೆಂದು ಬಂದು ಸ್ಟೂಲಿನ ಮೇಲೆ ಕೂತರು. ತಲೆ ಒಂದು ಚೂರು ಎಡಕ್ಕೆ ವಾಲಿದೆಯೆಂದು ಅವಳು ಅವರನ್ನು ಆರು ಸಲ ಕೂರಿಸಿದಳು, ಏಳಿಸಿದಳು. ಏಳನೆಯ ಸಲ ಅವರು ರೇಗುವ ಬದಲು ನಕ್ಕುಬಿಟ್ಟರು.

"ನಿಮ್ಮ ಕಣ್ಣಿಗೆ ಮುಖಕ್ಕಿಂತ ಗೋಡೆ ವಾಸಿ ಕಣಮ್ಮ. ಅದು ಅಲ್ಲಾಡೋದಿಲ್ಲ. ನಮ್ಮಲ್ಲಿಗೆ ಬರ್ತೀರಾ?"

ಆಗ ಹೋಗಲಿಲ್ಲ. ಎಲ್ಲರೂ ಮೊಬೈಲಿನಲ್ಲೇ ಫೋಟೋ ತೆಗೆದುಕೊಳ್ಳುವ ಕಾಲ ಬಂದು ಸ್ಟುಡಿಯೋ ಬಾಗಿಲು ಹಾಕಿದ ಮೇಲೆ ಹೋದಳು. ಬಾಗಿಲು ಹಾಕುವ ದಿನ ಸ್ಟುಡಿಯೋದ ಯಜಮಾನರು ಕ್ಯಾಮೆರಾವನ್ನು ಅವಳ ಕೈಗಿಟ್ಟು, "ಇದು ನಿನ್ನ ಕೈಗೇ ಒಗ್ಗಿಕೊಂಡಿದೆ, ನೀನೇ ಇಟ್ಕೋ" ಎಂದಿದ್ದರು. ಅದೇ ಕ್ಯಾಮೆರಾ ಐದು ವರ್ಷದಿಂದ ಬಿರುಕುಗಳನ್ನು ನೋಡುತ್ತಾ ಬಂದಿತ್ತು. ಹಿಡಿಯ ರಬ್ಬರು ಎದ್ದುಹೋಗಿ, ಅವಳು ಅಲ್ಲಿ ಸೈಕಲ್ ಟ್ಯೂಬಿನ ತುಂಡು ಅಂಟಿಸಿದ್ದಳು. ಮೇಲಿನ ತಿರುಗಣೆಯ ಅಕ್ಷರಗಳೆಲ್ಲ ಸವೆದು, ಎಷ್ಟು ಸಲ ತಿರುಗಿಸಿದರೆ ಯಾವುದು ಬರುತ್ತದೆ ಎಂಬುದು ಅವಳ ಹೆಬ್ಬೆರಳಿಗೆ ಮಾತ್ರ ಗೊತ್ತಿತ್ತು.

ಆ ವರ್ಷ ಅದು ಮೊಂಡಾಟ ಶುರುಮಾಡಿತು. ಬಟನ್ ಒತ್ತಿದರೆ ಒಮ್ಮೊಮ್ಮೆ 'ಕಟ್' ಎಂದು ಅರ್ಧಕ್ಕೇ ನಿಂತು, ಪರದೆಯ ಮೇಲೆ ಎರರ್ ಎಂದು ತೋರಿಸುತ್ತಿತ್ತು. ಬ್ಯಾಟರಿ ತೆಗೆದು ಹಾಕಿದರೆ ಮತ್ತೆ ಸರಿಹೋಗುತ್ತಿತ್ತು. ರಿಪೇರಿಯವರು ಅದನ್ನು ಕಿವಿಗೆ ಹಿಡಿದು ನಾಲ್ಕು ಸಲ ಒತ್ತಿ ತಲೆಯಾಡಿಸಿದರು.

"ಶಟರ್ ಸವೆದಿದೆ ಮೇಡಂ. ಇನ್ನು ಹತ್ತು ಫೋಟೋ ಬರುತ್ತೋ ಹತ್ತು ಸಾವಿರ ಬರುತ್ತೋ ಹೇಳೋಕಾಗಲ್ಲ. ಈ ಮಾಡೆಲ್‌ಗೆ ಪಾರ್ಟ್ಸೂ ಬರ್ತಿಲ್ಲ."

ಎಂಜಿನಿಯರು ತಡಮಾಡಲಿಲ್ಲ. ಪರಿಚಯದ ಅಂಗಡಿಯಿಂದ ಅದೇ ಕಂಪನಿಯ, ಲೆನ್ಸಿಲ್ಲದ ಹೊಸ ಕ್ಯಾಮೆರಾ ಬಾಡಿಯೊಂದನ್ನು ನಾಲ್ಕು ದಿನದ ಮಟ್ಟಿಗೆ ತರಿಸಿ ಅವಳ ಮೇಜಿನ ಮೇಲಿಟ್ಟರು. "ಲೆನ್ಸ್ ಹಳೇದೇ ಇರಲಿ, ಇದಕ್ಕೂ ಕೂರುತ್ತೆ. ನೀವು ಹೂಂ ಅಂದ್ರೆ ತಗೊಳ್ಳೋಣ, ಉಹೂಂ ಅಂದ್ರೆ ವಾಪಸ್ ಕೊಡೋಣ. ನೋಡೋರು ನೀವು."

ಬೇರೆಯವರಾಗಿದ್ದರೆ ಕುಣಿದಾಡುತ್ತಿದ್ದರು. ಅವಳು ಡಬ್ಬಿಯನ್ನು ತೆರೆಯದೆ ಪಕ್ಕಕ್ಕೆ ಸರಿಸಿದಳು. "ಸಾರ್, ಐದು ವರ್ಷ ಒಂದೇ ತಕ್ಕಡೀಲಿ ತೂಗಿದೀವಿ. ಈಗ ತಕ್ಕಡಿ ಬದಲಾಯಿಸಿದ ಮೇಲೆ ತೂಕ ಬದಲಾದ್ರೆ, ಬದಲಾಗಿದ್ದು ಗೋಡೇನೋ ತಕ್ಕಡೀನೋ ಅಂತ ಯಾರನ್ನ ಕೇಳೋದು?"

"ಮೊದಲು ಒಂದು ಕಟ್ಟಡಕ್ಕೆ ಹೋಗಿಬನ್ನಿ, ಆಮೇಲೆ ನೋಡೋಣ" ಎಂದರು ಅವರು.

ಮಂಗಳವಾರ ಸರದಿಯಲ್ಲಿದ್ದದ್ದು ನಾಲ್ಕು ಅಂತಸ್ತಿನ ಒಂದು ಹಳೆಯ ಕಟ್ಟಡ. ಕೆಳಗೆ ಕಾಗದದ ಗೋದಾಮು, ನಡುವೆ ಬೀಗ ಹಾಕಿದ ಕೋಣೆಗಳು, ಮೂರನೆಯ ಮಹಡಿಯಲ್ಲಿ ಬಟ್ಟೆ ಹೊಲಿಯುವ ಕಾರ್ಖಾನೆ. ಆ ಕಾರ್ಖಾನೆಯ ಮೇಲ್ವಿಚಾರಕಿ ಅವಳ ಸ್ವಂತ ಅಕ್ಕ. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ಹದಿನೇಳರ ಅಕ್ಕ ಅಂದೇ ಹೊಲಿಗೆ ಯಂತ್ರದ ಮುಂದೆ ಕೂತವಳು ತಂಗಿಯನ್ನು ಓದಿಸಿ, ಕೆಲಸಕ್ಕೆ ಸೇರಿಸಿ, ಇಂದಿಗೂ ಒಂದೇ ಮನೆಯಲ್ಲಿ ಒಂದೇ ಒಲೆಯ ಮೇಲೆ ಇಬ್ಬರಿಗೂ ಬೇಯಿಸುತ್ತಿದ್ದಳು.

ಎರಡನೆಯ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಒಂದು ದಪ್ಪ ಕಂಬ. ಮೇಲಿನ ತೊಲೆಯ ಭಾರವೆಲ್ಲ ಅದರ ಹೆಗಲ ಮೇಲೆ. ಅದರ ಮೈಮೇಲೆ ಬೆರಳುದ್ದದ ಒಂದು ಓರೆ ಬಿರುಕು. ಐದು ವರ್ಷದಿಂದ ಇದ್ದಷ್ಟೇ ಇತ್ತು. ಅವಳು ನೆಲದ ಮೇಲಿನ ಬಣ್ಣದ ಗುರುತಿನಲ್ಲಿ ಟ್ರೈಪಾಡ್ ನಿಲ್ಲಿಸಿ, ಹೊಸ ಬಾಡಿಗೆ ಹಳೆಯ ಲೆನ್ಸ್ ತಿರುಗಿಸಿ ಕ್ಲಿಕ್ ಮಾಡಿದಳು. ಮಂದ ಬೆಳಕು, ಆದರೂ ಆ ಕ್ಯಾಮೆರಾಕ್ಕೆ ಫ್ಲ್ಯಾಶೇ ಬೇಕಾಗಲಿಲ್ಲ, ಕಣ್ಣು ಮಿಟುಕಿಸುವಷ್ಟರಲ್ಲಿ ಚಿತ್ರ ಬಂತು. ಅದನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದಳು.

ಹಳೆಯ ಬಿರುಕಿನ ಎರಡೂ ಮಗ್ಗುಲಿಗೆ, ಬಾಚಣಿಗೆಯ ಹಲ್ಲುಗಳ ಹಾಗೆ, ಕೂದಲೆಳೆಯಷ್ಟು ತೆಳ್ಳಗಿನ ಏಳೆಂಟು ಬಿರುಕುಗಳು ಕೆಳಮುಖವಾಗಿ ಇಳಿದಿದ್ದವು.

ಕ್ಯಾಮೆರಾ ಬಿಟ್ಟು ಕಂಬದ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದಳು. ಏನೂ ಕಾಣಲಿಲ್ಲ. ಮೇಲಿನಿಂದ ನಲವತ್ತು ಯಂತ್ರಗಳ ಗುರ್ರೆನ್ನುವ ಸದ್ದು ಮೆಟ್ಟಿಲಿಗೂ ಇಳಿದು ಕಾಲಿಗೆ ತಾಗುತ್ತಿತ್ತು. ಅಷ್ಟರಲ್ಲಿ ಅಕ್ಕ ಕಟಕಟೆಯಿಂದ ಬಗ್ಗಿ ಕೂಗಿದಳು: "ಏನೇ, ಅಲ್ಲೇ ನಿಂತೆ? ಮೇಲೆ ಬಂದು ನೀರು ಕುಡಿದು ಹೋಗು."

"ಇಲ್ಲ ಅಕ್ಕ, ಆಫೀಸಿಗೆ ಹೋಗ್ಬೇಕು" ಎಂದಳು. ಟ್ರೈಪಾಡ್ ಮಡಚತೊಡಗಿದಳು.

ಎಂಜಿನಿಯರು ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಹೋದ ಸಲದ ಚಿತ್ರ ಪಕ್ಕಕ್ಕಿಟ್ಟರು. ಅದರಲ್ಲಿ ಓರೆ ಬಿರುಕು ಬಿಟ್ಟರೆ ಉಳಿದದ್ದೆಲ್ಲ ಬೆಳ್ಳಗೆ, ನುಣ್ಣಗೆ.

"ಗಾರೆ ಒಣಗೋವಾಗ ಬಿಟ್ಟ ಇಂಥ ಗೆರೆ ಯಾವ ಹಳೇ ಗೋಡೇಲಿಲ್ಲ ಹೇಳಿ? ಇವು ಹಳೇವಾದ್ರೆ ಬರೀ ಮುಖದ ಸುಕ್ಕು. ಹೊಸವಾದ್ರೆ..." ಎಂದು ನಿಲ್ಲಿಸಿ, ಮತ್ತೆ ಹೇಳಿದರು, "ಹೊಸವಾದ್ರೆ ಕಂಬ ಒಳಗಿಂದ ಜಜ್ಜಿಹೋಗ್ತಿದೆ ಅಂತ ಅರ್ಥ."

ಅಲ್ಲೇ ಕಟ್ಟಡದ ಮಾಲೀಕರಿಗೆ ಫೋನು ಹಚ್ಚಿದರು. ತೀರ್ಮಾನವಾಗುವ ತನಕ ಮೇಲಿನ ಕಾರ್ಖಾನೆ ನಿಲ್ಲಿಸುವುದು ಒಳ್ಳೆಯದು ಎಂದರು. ಆ ಕಡೆಯ ದನಿ ಅವಳಿಗೂ ಕೇಳುತ್ತಿತ್ತು.

"ಹೋದ ಸಲ ಇಲ್ಲ ಅಂದ್ರಿ, ಈ ಸಲ ಇದೆ ಅಂತೀರಿ. ಹೋದ ಸಲ ಯಾವ ಕ್ಯಾಮೆರಾ? ಈ ಸಲ ಯಾವ ಕ್ಯಾಮೆರಾ? ಹೊಸ ಕನ್ನಡಕ ಹಾಕ್ಕೊಂಡು ಬಂದು ನನ್ನ ಮುಖದಲ್ಲಿ ಸುಕ್ಕು ಜಾಸ್ತಿಯಾಗಿದೆ ಅಂದ್ರೆ ಹೇಗೆ ಸ್ವಾಮಿ? ನಾಳೆ ಹನ್ನೊಂದಕ್ಕೆ ಬರ್ತೀನಿ. ಇವು ಹೊಸ ಬಿರುಕು ಅಂತ ತೋರಿಸಿ, ಆಗ ಮಾತಾಡೋಣ."

ಅವರು ಹೇಳಿದ್ದು ತಪ್ಪು ಎನ್ನುವಂತಿರಲಿಲ್ಲ. ಅವಳು ಭಯಪಟ್ಟದ್ದೂ ಅದಕ್ಕೇ.

ಸಂಜೆ ಅಕ್ಕನಿಗೆ ಹೇಳಿಯೇಬಿಟ್ಟಳು. ತರಕಾರಿ ಹೆಚ್ಚುತ್ತಿದ್ದ ಅಕ್ಕ ಚಾಕು ಕೆಳಗಿಟ್ಟಳು.

"ಮುಂದಿನ ವಾರ ಎರಡು ಸಾವಿರ ಸಮವಸ್ತ್ರ ಕೊಡ್ಬೇಕು ಕಣೇ. ಇವತ್ತು ನಿಲ್ಸು ಅಂದ್ರೆ ನಲವತ್ತು ಜನರ ಹೊಟ್ಟೆ ಮೇಲೆ ಹೊಡೆದ ಹಾಗೆ. ಐದು ವರ್ಷದಿಂದ ಏನೂ ಇಲ್ಲ, ಏನೂ ಇಲ್ಲ ಅಂದವಳು ನೀನೇ ಅಲ್ವಾ?"

"ಕಾಣಲಿಲ್ಲ ಅಂದೆ ಅಕ್ಕ."

"ಹಾಗಾದ್ರೆ ಈಗ ಏನಂತೀಯ? ಇದೆಯೋ ಇಲ್ವೋ?"

"ಇರಬಹುದು."

"ಇರಬಹುದು!" ಅಕ್ಕ ಎದ್ದುನಿಂತಳು. "ಇರಬಹುದು ಅಂತ ಅವರ ಮುಂದೆ ನಿಂತು ಹೇಳಕ್ಕಾಗುತ್ತಾ? ಖಂಡಿತ ಅನ್ನು, ಈಗಲೇ ಒಬ್ಬೊಬ್ಬರ ಮನೆಗೂ ಹೋಗಿ ಬರಬೇಡಿ ಅಂತ ಹೇಳಿಬರ್ತೀನಿ."

ಅವಳ ಬಾಯಿಂದ ಆ ಮಾತು ಹೊರಡಲಿಲ್ಲ. "ನಾಳೆ ನೀನಾದ್ರೂ ಹೋಗ್ಬೇಡ" ಎಂದಳು.

"ನಲವತ್ತು ಜನ ಮೇಲಿದ್ದು ನಾನೊಬ್ಬಳು ಮನೇಲಿರ್ಲಾ?" ಎಂದು ಅಕ್ಕ ಒಳಗೆ ಹೋದಳು.  ಬೆಳಗ್ಗೆ ಅಕ್ಕ ಎಂದಿನ ಹೊತ್ತಿಗೆ ಡಬ್ಬಿ ಕಟ್ಟಿಕೊಂಡು ಹೊರಟೇಹೋದಳು.

ಅದಕ್ಕೂ ಮುಂಚೆಯೇ ಅವಳು ಆಫೀಸಿನ ಬೀಗ ತೆಗೆದು ಕಂಪ್ಯೂಟರ್ ಮುಂದೆ ಕೂತಿದ್ದಳು. ಐದು ವರ್ಷದ ಚಿತ್ರಗಳನ್ನು ಒಂದೊಂದಾಗಿ ತೆರೆದಳು. ನೋಡನೋಡುತ್ತಾ ಅವಳಿಗೊಂದು ವಿಷಯ ಹೊಳೆಯಿತು. ಹಳೆಯ ಕ್ಯಾಮೆರಾಕ್ಕೆ ಮಂದ ಬೆಳಕು ಸಾಲದೆಂದು ಅವಳು ಪ್ರತಿ ಸಲವೂ ಎದುರಿನಿಂದ ಫ್ಲ್ಯಾಶ್ ಹೊಡೆದಿದ್ದಳು. ಎದುರಿನ ಬೆಳಕು ಮುಖಕ್ಕೆ ಪೌಡರ್ ಬಳಿದಂತೆ ಗೋಡೆಯ ಸಣ್ಣಪುಟ್ಟದ್ದನ್ನೆಲ್ಲ ಮುಚ್ಚಿಹಾಕಿತ್ತು. ಆ ಗೆರೆಗಳು ಮೊದಲಿಂದ ಇದ್ದಿದ್ದರೂ ಈ ಚಿತ್ರಗಳಲ್ಲಿ ಕಾಣುತ್ತಿರಲಿಲ್ಲ. ಇಲ್ಲದಿದ್ದರೂ ಚಿತ್ರಗಳು ಹೀಗೇ ಇರುತ್ತಿದ್ದವು. ಐದು ವರ್ಷದ ಕೆಲಸ ಆ ಗೆರೆಗಳ ಬಗ್ಗೆ ಒಂದು ಮಾತನ್ನೂ ಆಡಲಾರದೆ ಕೂತಿತ್ತು.

ಗೋಡೆಯ ಗಡಿಯಾರದಲ್ಲಿ ಒಂಬತ್ತೂವರೆ. ಅಕ್ಕ ಆಗಲೇ ಯಂತ್ರಗಳ ನಡುವೆ ಓಡಾಡುತ್ತಿರಬೇಕು.

ಮೂರು ವರ್ಷದ ಹಿಂದಿನ ಒಂದು ಫೋಲ್ಡರಿನ ಕೊನೆಯಲ್ಲಿ ಹಳದಿ ಹಳದಿಯಾದ ಒಂದು ಚಿತ್ರ ಸಿಕ್ಕಿತು. ಅವಳೇ ಅದಕ್ಕೆ 'ಬಳಸಬೇಡಿ' ಎಂದು ಹೆಸರು ಕೊಟ್ಟಿದ್ದಳು. ಅವತ್ತು ಫ್ಲ್ಯಾಶ್ ಕೆಟ್ಟಿತ್ತು. ಮೆಟ್ಟಿಲ ಕಟಕಟೆಯ ಮೇಲೆ ಟಾರ್ಚ್ ಅಡ್ಡಲಾಗಿಟ್ಟು, ಮೂವತ್ತು ಸೆಕೆಂಡು ಶಟರ್ ತೆರೆದು ತೆಗೆದದ್ದು. ಮರುದಿನ ಫ್ಲ್ಯಾಶ್ ತಂದು ಬೇರೆ ತೆಗೆದಿದ್ದಳು. ಅಳಿಸುವ ಅಭ್ಯಾಸ ಅವಳಿಗಿರಲಿಲ್ಲವೆಂದು ಅದು ಉಳಿದುಕೊಂಡಿತ್ತು.

ಚಿತ್ರವನ್ನು ದೊಡ್ಡದು ಮಾಡಿದಳು. ಇನ್ನೂ ದೊಡ್ಡದು ಮಾಡಿದಳು. ಮಗ್ಗುಲಿನಿಂದ ಬಿದ್ದ ಬೆಳಕಿನಲ್ಲಿ ಕಂಬದ ಮೈ ಉಬ್ಬುತಗ್ಗುಗಳೊಂದಿಗೆ ಎದ್ದು ಕಾಣುತ್ತಿತ್ತು. ಗಾರೆಯವನ ಕರಣೆ ಎಳೆದ ಗುರುತು, ಬಣ್ಣದ ಹನಿ, ಬಣ್ಣ ಬಳಿಯುವಾಗ ಬ್ರಷ್ಷಿನಿಂದ ಉದುರಿ ಅಲ್ಲೇ ಅಂಟಿಕೊಂಡ ಒಂದು ಕೂದಲು ಕೂಡ. ಓರೆ ಬಿರುಕು ಇತ್ತು. ಅದರ ಮಗ್ಗುಲಲ್ಲಿ ಬೇರೆ ಒಂದೇ ಒಂದು ಗೆರೆ ಇರಲಿಲ್ಲ.

ಆಗಷ್ಟೇ ಬಂದ ಎಂಜಿನಿಯರು ಅವಳ ಹಿಂದೆ ನಿಂತು ನೋಡಿದರು. "ಸಾಕಲ್ಲ ಇದು!"

"ಸಾಲದು ಸಾರ್. ಮತ್ತೆ ಅದೇ ಮಾತು ಬರುತ್ತೆ, ಅದು ಹಳೇ ಕ್ಯಾಮೆರಾ, ಇದು ಹೊಸದು ಅಂತ. ಹಳೇದ್ರಲ್ಲೇ ತೆಗೀಬೇಕು. ಟಾರ್ಚೂ ಅಲ್ಲೇ ಇಡ್ಬೇಕು. ಬ್ರಷ್ಷಿನ ಕೂದಲು ಎರಡರಲ್ಲೂ ಅಷ್ಟೇ ಚೆನ್ನಾಗಿ ಕಾಣ್ಬೇಕು. ಆಮೇಲೆ ಗೆರೆ ಕಂಡ್ರೆ ಅದು ಗೋಡೇದೇ."

"ಹಳೇದು ಕೈಕೊಟ್ರೆ?"

 ಅವಳು ಹಳೆಯ ಕ್ಯಾಮೆರಾವನ್ನು ಚೀಲಕ್ಕೆ ಹಾಕಿಕೊಂಡಳು.

ಮಾಲೀಕರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಇಸ್ತ್ರಿ ಹಾಕಿದ ಅಂಗಿ, ಬಿಗಿದ ಮುಖ. "ಎಲ್ಲಿ ತೋರಿಸಿ" ಎಂದು ಕಂಬಕ್ಕೆ ಒರಗಲು ಹೋದವರನ್ನು ಎಂಜಿನಿಯರು ತೋಳು ಹಿಡಿದು ಈಚೆಗೆಳೆದರು. ಅವಳು ಟಾರ್ಚನ್ನು ಕಟಕಟೆಯ ಮೇಲಿಟ್ಟು, ಹಳೆಯ ಚಿತ್ರದಲ್ಲಿದ್ದ ನೆರಳು ಎಲ್ಲಿಗೆ ಬಂದಿತ್ತೋ ಅಲ್ಲಿಗೇ ಬರುವ ತನಕ ಸರಿಸಿದಳು. ಹೆಬ್ಬೆರಳು ತಾನಾಗಿಯೇ ತಿರುಗಣೆ ತಿರುಗಿಸಿತು. ಒತ್ತಿದಳು.

ಕಟ್. ಎರರ್.

ಬ್ಯಾಟರಿ ತೆಗೆದಳು, ಹಾಕಿದಳು, ಒತ್ತಿದಳು. ಈ ಸಲ ಶಟರ್ ತೆರೆಯಿತು. ಮೂವತ್ತು ಸೆಕೆಂಡು ಕಳೆದು ಮುಚ್ಚಿತು. ಆದರೆ ಚಿತ್ರವೆಲ್ಲ ಕಲಸಿಹೋಗಿತ್ತು. ಬ್ರಷ್ಷಿನ ಕೂದಲಿರಲಿ, ಬೆರಳುದ್ದದ ಬಿರುಕೇ ಎರಡೆರಡಾಗಿ ಕಾಣುತ್ತಿತ್ತು. ಅವಳು ಅಂಗೈಯನ್ನು ನೆಲಕ್ಕೆ ಒತ್ತಿ ನೋಡಿದಳು. ಮೇಲಿನ ಯಂತ್ರಗಳಿಗೆ ನೆಲ ಜುಮುಜುಮು ಎನ್ನುತ್ತಿತ್ತು. ಮೂರು ವರ್ಷದ ಹಿಂದಿನ ಆ ಚಿತ್ರ ತೆಗೆದದ್ದು ರಜೆಯ ದಿನ ಎಂಬುದು ಆಗ ನೆನಪಾಯಿತು.

"ಆಯ್ತಾ ಪರೀಕ್ಷೆ?" ಎಂದರು ಮಾಲೀಕರು.

ಅವಳು ಎರಡೆರಡು ಮೆಟ್ಟಿಲು ಹತ್ತಿ ಕಾರ್ಖಾನೆಯ ಬಾಗಿಲಲ್ಲಿ ನಿಂತಳು. ಅಕ್ಕ ಕತ್ತರಿಸುವ ಮೇಜಿನ ಹತ್ತಿರ ಇದ್ದಳು. ನೆನ್ನೆಯಿಂದ ಇಬ್ಬರಿಗೂ ಮಾತಿಲ್ಲ.

"ಅಕ್ಕ, ಒಂದು ನಿಮಿಷ ಎಲ್ಲಾ ಯಂತ್ರ ನಿಲ್ಸು. ಒಂದೇ ನಿಮಿಷ. ಯಾರೂ ಎದ್ದು ಓಡಾಡಬಾರದು."

ಅಕ್ಕ ತಂಗಿಯ ಮುಖ ನೋಡಿದಳು. ಏಕೆ, ಏನು ಎಂದು ಕೇಳಲಿಲ್ಲ. ಗೋಡೆಯ ಬಳಿ ಹೋಗಿ ದೊಡ್ಡ ಸ್ವಿಚ್ ಕೆಳಗೆಳೆದಳು. ನಲವತ್ತು ಯಂತ್ರಗಳು ಒಟ್ಟಿಗೆ ಉಸಿರು ಬಿಟ್ಟಂತಾಗಿ ಸುಮ್ಮನಾದವು.

ಅವಳು ಕೆಳಗೆ ಬಂದು ಮತ್ತೆ ಬ್ಯಾಟರಿ ತೆಗೆದು ಹಾಕಿದಳು. ಬೆರಳಿನ ಅದುರು ಕ್ಯಾಮೆರಾಕ್ಕೆ ತಾಗಬಾರದೆಂದು ಟೈಮರಿಗಿಟ್ಟು ಹಿಂದೆ ಸರಿದಳು. ಶಟರ್ ತೆರೆದ ಸದ್ದು ಆ ನಿಶ್ಶಬ್ದದಲ್ಲಿ ಬಾಗಿಲು ತೆರೆದಷ್ಟು ದೊಡ್ಡದಾಗಿ ಕೇಳಿತು. ಎಂಜಿನಿಯರು ಕೈಗಡಿಯಾರ ನೋಡುತ್ತಿದ್ದರು. ಮಾಲೀಕರು ಒಂದು ಕಾಲು ಮೇಲಿನ ಮೆಟ್ಟಿಲ ಮೇಲೆ, ಇನ್ನೊಂದು ಕೆಳಗೆ ಇಟ್ಟವರು ಹಾಗೇ ನಿಂತುಬಿಟ್ಟರು. ಹತ್ತು ಸೆಕೆಂಡು. ಮೇಲೆ ಯಾರೋ ಕೆಮ್ಮಲು ಹೋಗಿ ಬಾಯಿ ಮುಚ್ಚಿಕೊಂಡರು. ಇಪ್ಪತ್ತು. ಮೂವತ್ತು.

ಶಟರ್ ಮುಚ್ಚಿತು.

ಮೊದಲು ಬ್ರಷ್ಷಿನ ಕೂದಲನ್ನು ಹುಡುಕಿದಳು. ಇತ್ತು. ಮೂರು ವರ್ಷದ ಹಿಂದೆ ಇದ್ದಲ್ಲೇ, ಅಷ್ಟೇ ಸ್ಪಷ್ಟವಾಗಿ ಇತ್ತು. ಆಮೇಲೆ ಓರೆ ಬಿರುಕಿನ ಮಗ್ಗುಲಿಗೆ ಸರಿಸಿದಳು. ಬಾಚಣಿಗೆಯ ಹಲ್ಲುಗಳು ಒಂದೂ ತಪ್ಪದೆ ಇದ್ದವು. ಒಂದು ಗೆರೆಯಂತೂ ಆ ಕೂದಲಿನ ಅಡಿಯಿಂದಲೇ ಹಾದುಹೋಗಿತ್ತು.

ಎರಡೂ ಚಿತ್ರಗಳನ್ನು ಲ್ಯಾಪ್‌ಟಾಪಿಗೆ ಹಾಕಿ ಮಾಲೀಕರ ಮುಂದೆ ಹಿಡಿದಳು. ಅವರು ಆ ಚಿತ್ರದಿಂದ ಈ ಚಿತ್ರಕ್ಕೆ, ಈ ಚಿತ್ರದಿಂದ ಆ ಚಿತ್ರಕ್ಕೆ ನಾಲ್ಕೈದು ಸಲ ನೋಡಿದರು. ಬಿಗಿದ ಮುಖ ನಿಧಾನವಾಗಿ ಸಡಿಲಾಯಿತು, ಆಮೇಲೆ ಬಿಳಿಚಿಕೊಂಡಿತು.

"ಒಂದೇ ಕ್ಯಾಮೆರಾನಾ?"

"ಒಂದೇ."

"ನಮ್ಮಪ್ಪ ಕಟ್ಟಿಸಿದ್ದು ಇದು" ಎಂದರು ಯಾರಿಗೂ ಅಲ್ಲವೆಂಬಂತೆ. ಆಮೇಲೆ ಎಂಜಿನಿಯರ ಕಡೆ ತಿರುಗಿ, "ಖಾಲಿ ಮಾಡ್ಸಿ ಸ್ವಾಮಿ. ಈಗಲೇ" ಎಂದರು.

ಕಟ್ಟಡಕ್ಕೆ ಅದೊಂದೇ ಮೆಟ್ಟಿಲು. ನಾಲ್ಕು ನಾಲ್ಕು ಜನರಾಗಿ, ಕಂಬದ ಕಡೆ ಸುಳಿಯದೆ, ಗೋಡೆಯ ಪಕ್ಕಕ್ಕೇ ಇಳಿಯಬೇಕೆಂದು ಎಂಜಿನಿಯರು ಹೇಳಿದರು. ಅವಳು ಬೀದಿಯಲ್ಲಿ ನಿಂತು ಎಣಿಸಿದಳು. ಕೆಲವರು ಚಪ್ಪಲಿ ಕೈಯಲ್ಲಿ ಹಿಡಿದು ಬಂದರು. ಒಬ್ಬಾಕೆಯ ಕೊರಳಲ್ಲಿ ಇನ್ನೂ ಅಳತೆಯ ಟೇಪು ಜೋತಾಡುತ್ತಿತ್ತು. ಮೂವತ್ತಾರು, ನಲವತ್ತು. ಅಕ್ಕ ಬರಲಿಲ್ಲ.  ಒಳಗೆ ನುಗ್ಗಲು ಹೋದವಳನ್ನು ಎಂಜಿನಿಯರು ತಡೆದರು. ಅಷ್ಟರಲ್ಲಿ ಅಕ್ಕ ಇಳಿದುಬಂದಳು, ಕೈಯಲ್ಲಿ ತನ್ನ ದೊಡ್ಡ ಕತ್ತರಿ.

"ಎಲ್ಲಿ ಹೋಗಿದ್ದೆ?" ಎಂದು ಅವಳು ಬೀದಿಯಲ್ಲೇ ಕಿರುಚಿದಳು.

"ಇಸ್ತ್ರಿ ಪೆಟ್ಟಿಗೆ ಕಾದಿತ್ತು. ಅದನ್ನ ಹಾಗೇ ಬಿಟ್ಟು ಬರೋಕಾಗುತ್ತಾ?" ಎಂದ ಅಕ್ಕ, ತಂಗಿಯ ಮುಖ ನೋಡಿ ಕತ್ತರಿಯನ್ನು ಕಂಕುಳಿಗಿಟ್ಟುಕೊಂಡು ಅವಳ ಕೈ ಹಿಡಿದಳು. ಬಹಳ ಹೊತ್ತು ಬಿಡಲಿಲ್ಲ.

ಮರುದಿನ, ತೊಲೆಯ ಕೆಳಗೆ ಸಾಲಾಗಿ ಕಬ್ಬಿಣದ ಆಸರೆ ಕೊಟ್ಟ ಮೇಲೆ, ಕಂಬದ ಗಾರೆ ಕೆತ್ತಿ ನೋಡಿದರು. ಒಳಗಿನ ಕಂಬಿಗಳು ತುಕ್ಕು ಹಿಡಿದು ಪೆನ್ಸಿಲಿನಷ್ಟಾಗಿದ್ದವು. ಕಾಂಕ್ರೀಟು ಬೆರಳಲ್ಲಿ ಕೆದಕಿದರೆ ಉದುರುತ್ತಿತ್ತು. ಇನ್ನು ಎಷ್ಟು ದಿನ ತಾಳುತ್ತಿತ್ತು ಎಂದು ಮಾಲೀಕರು ಕೇಳಿದ್ದಕ್ಕೆ ಎಂಜಿನಿಯರು, "ಆ ಲೆಕ್ಕ ಹಾಕೋಕೆ ನನಗೆ ಇಷ್ಟವಿಲ್ಲ" ಎಂದರಂತೆ. ಕಾರ್ಖಾನೆ ಒಂಬತ್ತು ದಿನದ ಮೇಲೆ ಎರಡು ಬೀದಿಯಾಚೆಯ ಒಂದು ಖಾಲಿ ಗೋದಾಮಿನಲ್ಲಿ ಶುರುವಾಯಿತು. ಸಮವಸ್ತ್ರ ತಡವಾಯಿತು, ಅಕ್ಕ ಬೇಕಾದಷ್ಟು ಬೈಗುಳ ತಿಂದಳು. ಆದರೆ ಅದರಲ್ಲಿ ಒಂದನ್ನೂ ಮನೆಗೆ ತರಲಿಲ್ಲ.

ಹಳೆಯ ಕ್ಯಾಮೆರಾದಲ್ಲಿ ಅವತ್ತೇ ಇನ್ನೊಂದು ಚಿತ್ರ ತೆಗೆದಿಟ್ಟುಕೊಳ್ಳಲು ಹೋಗಿದ್ದಳು. ಅದು ಮತ್ತೆ ತೆರೆಯಲೇ ಇಲ್ಲ. ಅಂಗಡಿಗೆ ಹೊಸದನ್ನು ಹಿಂತಿರುಗಿಸಬೇಕಿದ್ದ ದಿನ ಎಂಜಿನಿಯರು, "ಏನಂತೀರಿ?" ಎಂದು ಕೇಳಿದರು.

"ಹೂಂ ಸಾರ್. ಆದ್ರೆ ಜೊತೆಗೆ ಹಳೇ ಮಾಡೆಲ್ಲೂ ಒಂದು ಬೇಕು, ಯಾರಾದ್ರೂ ಬಳಸಿ ಬೀರುವಲ್ಲಿಟ್ಟಿರೋದಾದ್ರೂ ಸರಿ. ಒಂದು ವರ್ಷ ಎಲ್ಲಾ ಕಡೆ ಎರಡರಲ್ಲೂ ತೆಗೀತೀನಿ." ಅಷ್ಟು ದಿನದಿಂದ ಕೊರೆಯುತ್ತಿದ್ದದ್ದನ್ನೂ ಹೇಳಿದಳು. "ತಪ್ಪು ಕ್ಯಾಮೆರಾದ್ದಲ್ಲ ಸಾರ್. ಐದು ವರ್ಷ ಎದುರಿಂದ ಫ್ಲ್ಯಾಶ್ ಹೊಡೆದೋಳು ನಾನು."

"ಆ ಚಿತ್ರಗಳ ಕೆಳಗೆ ಸಹಿ ಹಾಕಿದೋನು ನಾನು" ಎಂದರು ಅವರು. "ಬೆಳಕು ಎಲ್ಲಿಂದ ಬೀಳಬೇಕು ಅಂತ ಒಂದು ಕಾಗದದಲ್ಲಿ ಬರೆದುಕೊಡಿ. ಇನ್ನು ಮುಂದೆ ಎಲ್ಲರೂ ಹಾಗೇ ಮಾಡ್ಲಿ."

ಅವಳು ಆ ಮಧ್ಯಾಹ್ನವೇ ಕೂತು ಬರೆದಳು. ಒಂದು ಪುಟವಾಯಿತು. ಹಳೆಯ ಮಾಡೆಲ್ಲೂ ಒಂದು ಸಿಕ್ಕಿ, ಮುಂದಿನ ಸೋಮವಾರದಿಂದ ಎರಡು ಕ್ಯಾಮೆರಾ, ಒಂದು ಟಾರ್ಚ್ ಹೊತ್ತುಕೊಂಡು ಉಳಿದ ಹತ್ತೊಂಬತ್ತು ಕಟ್ಟಡಗಳ ಸುತ್ತು ಶುರುಮಾಡಿದಳು.